ಪ್ರಯೋಗಶಾಲೆಯ ಕಟ್ಟಡಗಳಲ್ಲಿ ವಿದ್ಯುತ್ಕಾಂತೀಯ ಬಾಧೆ: ಮುನ್ನೆಣಿಕೆಯ ವಿಧಾನ ಮತ್ತು ಕೊಲಾಬಾದ ನಿದರ್ಶನ

೧

ಸೂಕ್ಷ್ಮ ಉಪಕರಣಗಳನ್ನು ಇರಿಸುವ ಉದ್ದೇಶದಿಂದ ಕಟ್ಟುವ ಕಟ್ಟಡದ ನಕಾಶೆಯನ್ನು ಸಿದ್ಧಪಡಿಸುವಾಗ ಗಾಳಿ, ಬೆಳಕು, ನೀರು, ನೆಲದ ಗಟ್ಟಿತನ ಇವುಗಳ ವಿಚಾರ ಸಹಜವಾಗಿಯೇ ಮೊದಲು ಬರುತ್ತದೆ. ನೆಲದ ಕಂಪನದ ವಿಚಾರವೂ ಈಚಿನ ದಶಕಗಳಲ್ಲಿ ಸೇರಿಕೊಂಡಿದೆ. ಆದರೆ ಕಣ್ಣಿಗೆ ಕಾಣದ, ಕಿವಿಗೆ ಕೇಳಿಸದ, ಮೈಗೆ ತಾಗದ ಇನ್ನೊಂದು ಸಂಗತಿ ಅನೇಕ ವೇಳೆ ಕಟ್ಟಡ ಮುಗಿದು, ಉಪಕರಣ ಬಂದಿಳಿದು, ಅದನ್ನು ಚಾಲನೆಗೊಳಿಸಿದ ಮೇಲೆಯೇ ನೆನಪಾಗುತ್ತದೆ. ಅದು ಆ ಸ್ಥಳದ ಕಾಂತಕ್ಷೇತ್ರದ ಏರಿಳಿತ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಪರಮಾಣು ಬೀಜದ ಕಾಂತ ಅನುರಣನವನ್ನು ಅಳೆಯುವ ಯಂತ್ರ, ಮಿದುಳಿನ ಅತ್ಯಲ್ಪ ಕಾಂತಸಂಜ್ಞೆಗಳನ್ನು ಹಿಡಿಯುವ ಮಾಪಕ ಮೊದಲಾದವುಗಳಿಗೆ ಈ ಏರಿಳಿತವೇ ದೊಡ್ಡ ಶತ್ರು.

ಇಲ್ಲಿ ಒಂದು ವಿಶೇಷವನ್ನು ಆರಂಭದಲ್ಲಿಯೇ ಗುರುತಿಸಿಕೊಳ್ಳಬೇಕು. ನೀರು ಸೋರಿದರೆ ಯಂತ್ರ ಕೆಡುತ್ತದೆ, ವಿದ್ಯುತ್ ಹೋದರೆ ನಿಲ್ಲುತ್ತದೆ. ಎರಡೂ ಒಡನೆಯೇ ತಿಳಿಯುವಂಥವು. ಕಾಂತಕ್ಷೇತ್ರದ ಬಾಧೆಯಿಂದ ಯಂತ್ರ ಕೆಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಅದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಆದರೆ ಅದು ಕೊಡುವ ಲೆಕ್ಕದೊಳಗೆ ನಿಸರ್ಗದ ಮಾತಿನ ಜೊತೆಗೆ ನೆರೆಯ ರಸ್ತೆಯ ಮಾತೂ ಬೆರೆತುಹೋಗಿರುತ್ತದೆ. ಎರಡನ್ನೂ ಆಮೇಲೆ ಬೇರ್ಪಡಿಸುವುದು ಬಹಳ ಸಲ ಸಾಧ್ಯವಾಗುವುದಿಲ್ಲ. ಆದಕಾರಣ ಬಾಧೆಯನ್ನು ಅದು ಬರುವ ಮೊದಲೇ ಲೆಕ್ಕ ಹಾಕುವುದು ಅಗತ್ಯವಾಗುತ್ತದೆ. ಈ ಲೆಕ್ಕದ ತತ್ತ್ವವೇನು, ಅದರಲ್ಲಿ ಕಠಿಣವಾದ ಭಾಗ ಯಾವುದು ಎಂಬುದನ್ನು ನಮ್ಮ ಮುಂಬಯಿಯಲ್ಲಿಯೇ ನಡೆದ ಒಂದು ನಿದರ್ಶನದ ಆಧಾರದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಬಗೆಗೆ ಒಂದೆರಡು ಮಾತು. ಕನ್ನಡದ ಭೌತಶಾಸ್ತ್ರ ಪಠ್ಯಗಳಲ್ಲಿ ‘ವ್ಯತಿಕರಣ’ ಎಂಬ ಪದ ರೂಢಿಯಲ್ಲಿದೆ. ಎರಡು ಅಲೆಗಳು ಕೂಡಿದಾಗ ಒಂದೆಡೆ ಬೆಳಕು, ಇನ್ನೊಂದೆಡೆ ಕತ್ತಲೆಯ ಪಟ್ಟೆಗಳು ಮೂಡುವ ವಿದ್ಯಮಾನಕ್ಕೆ ಅದು ಸಲ್ಲುತ್ತದೆ. ಅಲ್ಲಿರುವುದು ನಿಯಮಬದ್ಧವಾದ ಕೂಡಿಕೆ. ನಮ್ಮ ವಿಷಯ ಅದಲ್ಲ. ಹೊರಗಿನ ಒಂದು ಕ್ರಿಯೆ ಒಳಗಿನ ಅಳತೆಯನ್ನು ಪೀಡಿಸುವುದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿದೆಯೆಂದು ಕನ್ನಡದಲ್ಲಿಯೂ ಒಂದೇ ಪದವನ್ನು ಬಳಸಬೇಕಾದ ನಿರ್ಬಂಧವಿಲ್ಲ. ಗ್ರಹಬಾಧೆ, ಇಲಿಬಾಧೆ, ರೋಗಬಾಧೆ ಎನ್ನುವಲ್ಲಿ ಬರುವ ‘ಬಾಧೆ’ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಹಾಗೆಯೇ ಮುಂದಾಗುವುದನ್ನು ಲೆಕ್ಕದಿಂದ ಕಾಣುವ ಕ್ರಿಯೆಗೆ ‘ಭವಿಷ್ಯ’ ಎಂದರೆ ಜ್ಯೋತಿಷ್ಯದ ವಾಸನೆ ಬರುತ್ತದೆ. ‘ಮುನ್ಸೂಚನೆ’ ಹವಾಮಾನದವರ ಸ್ವತ್ತಾಗಿದೆ. ಎಣಿಸು ಎಂಬ ಧಾತುವಿಗೆ ಲೆಕ್ಕ ಮಾಡು, ಆಲೋಚಿಸು ಎಂಬ ಎರಡು ಅರ್ಥಗಳೂ ಇರುವುದರಿಂದ ‘ಮುನ್ನೆಣಿಕೆ’ ಎಂಬ ರೂಪವನ್ನು ಇಲ್ಲಿ ಬಳಸಿದ್ದೇನೆ.

೨

ಮುಂಬಯಿಯ ದಕ್ಷಿಣ ತುದಿಯ ಕೊಲಾಬಾದಲ್ಲಿ ೧೮೨೬ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಒಂದು ವೀಕ್ಷಣಾಲಯವನ್ನು ಸ್ಥಾಪಿಸಿತು. ಖಗೋಳ ವೀಕ್ಷಣೆ ಮತ್ತು ಬಂದರಿಗೆ ಬರುವ ಹಡಗುಗಳಿಗೆ ಕಾಲನಿರ್ಣಯ ಮಾಡಿಕೊಡುವುದು ಅದರ ಮೊದಲ ಉದ್ದೇಶ. ೧೮೪೧ರಿಂದ ಅಲ್ಲಿ ಭೂಕಾಂತತ್ವದ ವೀಕ್ಷಣೆ ಆರಂಭವಾಯಿತು. ಭೂಮಿಯ ಕಾಂತಕ್ಷೇತ್ರ ಸ್ಥಿರವಾದುದಲ್ಲ. ಹಗಲು ರಾತ್ರಿಗಳಿಗೆ ಅನುಗುಣವಾಗಿ, ಋತುಗಳಿಗೆ ಅನುಗುಣವಾಗಿ, ಸೂರ್ಯನ ಮೇಲಿನ ಕ್ಷೋಭೆಗಳಿಗೆ ಅನುಗುಣವಾಗಿ ಅದು ಕ್ಷಣಕ್ಷಣಕ್ಕೂ ತುಸು ಬದಲಾಗುತ್ತಿರುತ್ತದೆ. ಮುಂಬಯಿಯಲ್ಲಿ ಈ ಕ್ಷೇತ್ರದ ಒಟ್ಟು ಪ್ರಮಾಣ ನಲವತ್ತು ಸಾವಿರ ನ್ಯಾನೊಟೆಸ್ಲಾಗಳಿಗಿಂತ ತುಸು ಹೆಚ್ಚು. ಶಾಂತವಾದ ಒಂದು ದಿನದಲ್ಲಿ ಅದು ಏರಿಳಿಯುವುದು ಕೆಲವು ಹತ್ತು ನ್ಯಾನೊಟೆಸ್ಲಾಗಳಷ್ಟು ಮಾತ್ರ. ಅಂದರೆ ವೀಕ್ಷಕನಿಗೆ ಬೇಕಾದ ಸಂಗತಿ ಇರುವುದು ಒಟ್ಟಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ.

ಈ ಅಳತೆಗಳ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆ ಸಾಕು. ೧೮೫೯ರ ಸೆಪ್ಟೆಂಬರ್ ಆರಂಭದಲ್ಲಿ ಸೂರ್ಯನಿಂದ ಹೊರಟ ಮಹಾಸ್ಫೋಟವೊಂದು ಭೂಮಿಯನ್ನು ತಟ್ಟಿ, ಯುರೋಪು ಅಮೆರಿಕಗಳ ಟೆಲಿಗ್ರಾಫ್ ತಂತಿಗಳು ತತ್ತರಿಸಿದವು. ಅದನ್ನು ಇಂದು ಕ್ಯಾರಿಂಗ್ಟನ್ ಬಿರುಗಾಳಿ ಎಂದು ಕರೆಯುತ್ತಾರೆ. ಸೆಪ್ಟೆಂಬರ್ ೨ರಂದು ಕೊಲಾಬಾದಲ್ಲಿ ಕಾಂತಕ್ಷೇತ್ರದ ಸಮತಲ ಅಂಶ ಸುಮಾರು ೧೬೦೦ ನ್ಯಾನೊಟೆಸ್ಲಾಗಳಷ್ಟು ಕುಸಿದುದು ಅಲ್ಲಿನ ದಾಖಲೆಯಲ್ಲಿ ಉಳಿದುಬಂದಿದೆ. ಸುರುತಾನಿ ಹಾಗೂ ಭಾರತೀಯ ಭೂಕಾಂತತ್ವ ಸಂಸ್ಥೆಯ ಲಾಖಿನಾ, ಅಲೆಕ್ಸ್ ಮೊದಲಾದವರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಾಖಲೆಯನ್ನೇ ಆಧರಿಸಿ ಆ ಬಿರುಗಾಳಿಯ ಉಗ್ರತೆಯನ್ನು ಮರುಲೆಕ್ಕಿಸಿತು. ನೂರನಲವತ್ತು ವರ್ಷಗಳ ಅನಂತರ ಯಾರಿಗೆ ಯಾವ ಅಳತೆ ಬೇಕಾದೀತೆಂದು ಬರೆದಿಟ್ಟವರಿಗೆ ಗೊತ್ತಿರಲಿಲ್ಲ. ಅಳತೆ ಶುದ್ಧವಾಗಿರಬೇಕೆಂಬುದು ಮಾತ್ರ ಗೊತ್ತಿತ್ತು.

ಈ ಶುದ್ಧತೆಗೆ ಗಂಡಾಂತರ ಒದಗಿದುದು ಟ್ರಾಮ್ ರೂಪದಲ್ಲಿ. ಮುಂಬಯಿಯಲ್ಲಿ ೧೮೭೪ರಿಂದ ಕುದುರೆ ಎಳೆಯುವ ಟ್ರಾಮುಗಳು ಓಡುತ್ತಿದ್ದವು. ಅವುಗಳ ಒಂದು ಮಾರ್ಗ ಕೊಲಾಬಾದಿಂದಲೇ ಹೊರಡುತ್ತಿತ್ತು. ಕುದುರೆಗಳಿಂದ ಕಾಂತಸೂಚಿಗೆ ತೊಂದರೆಯಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟ್ರಾಮನ್ನು ವಿದ್ಯುತ್ತಿನಿಂದ ಓಡಿಸುವ ಯೋಜನೆ ರೂಪುಗೊಂಡಿತು. ಆಗ ವೀಕ್ಷಣಾಲಯದ ನಿರ್ದೇಶಕರಾಗಿದ್ದವರು ನಾನಾಭಾಯ್ ಅರ್ದೇಶೀರ್ ಫ್ರಾಮ್‌ಜಿ ಮೂಸ್; ೧೮೯೬ರಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಅವರ ಎದುರಿಗಿದ್ದ ಪ್ರಶ್ನೆ ಇಂದಿನ ಕಟ್ಟಡ ವಿನ್ಯಾಸಕನ ಎದುರಿಗಿರುವ ಪ್ರಶ್ನೆಯೇ: ಇನ್ನೂ ಹುಟ್ಟದ ಒಂದು ಪ್ರವಾಹವು ಇಲ್ಲಿರುವ ಸೂಜಿಯನ್ನು ಎಷ್ಟು ಅಲುಗಿಸೀತು, ಆ ಅಲುಗಾಟವನ್ನು ಸಹಿಸಬಹುದೇ, ಇಲ್ಲವಾದರೆ ಎಷ್ಟು ದೂರ ಹೋಗಬೇಕು?

ಇದರ ಪರಿಮಾಣವನ್ನು ಓದುಗರೂ ಊಹಿಸಿಕೊಳ್ಳಬಹುದು. ತಂತಿಯಲ್ಲಿ ಪ್ರವಾಹ ಹರಿದರೆ ಅದರ ಬಳಿಯ ಕಾಂತಸೂಚಿ ತಿರುಗುತ್ತದೆಂಬುದನ್ನು ಅರ್ಸ್ಟೆಡ್ ೧೮೨೦ರಲ್ಲಿ ತೋರಿಸಿದ್ದನು. ಉದ್ದವಾದ ಒಂಟಿ ತಂತಿಯಲ್ಲಿ ಒಂದು ಆಂಪೇರ್ ಹರಿದರೆ ಒಂದು ಮೀಟರ್ ದೂರದಲ್ಲಿ ಉಂಟಾಗುವ ಕ್ಷೇತ್ರ ೨೦೦ ನ್ಯಾನೊಟೆಸ್ಲಾ. ದೂರ ಹೆಚ್ಚಿದಷ್ಟೂ ಅದೇ ಅನುಪಾತದಲ್ಲಿ ಕಡಿಮೆಯಾಗುತ್ತದೆ. ಟ್ರಾಮಿನ ಹಳಿಯಿಂದ ಐವತ್ತು ಆಂಪೇರ್ ನೆಲಕ್ಕೆ ಸೋರಿ ಅಡ್ಡದಾರಿ ಹಿಡಿಯಿತೆಂದುಕೊಂಡರೆ ಒಂದು ಕಿಲೋಮೀಟರ್ ಆಚೆಗೂ ಹತ್ತು ನ್ಯಾನೊಟೆಸ್ಲಾ ಬಾಧೆ. ಇದು ವಿವರಣೆಗಾಗಿ ನಾನು ಮಾಡಿದ ಲೆಕ್ಕವೇ ಹೊರತು ಮೂಸ್ ಅವರದಲ್ಲ. ದಿನದ ಸಹಜ ಏರಿಳಿತವೇ ಕೆಲವು ಹತ್ತು ನ್ಯಾನೊಟೆಸ್ಲಾ ಆಗಿರುವಾಗ ಟ್ರಾಮ್ ಹೊರಟು ನಿಲ್ಲುವ ಪ್ರತಿ ಸಲವೂ ಹತ್ತು ನ್ಯಾನೊಟೆಸ್ಲಾ ಜಿಗಿತವುಂಟಾದರೆ ಆ ದಾಖಲೆಯಿಂದ ಪ್ರಯೋಜನವಿಲ್ಲ.

ಸ್ಥಳಾಂತರದ ನಿರ್ಣಯವಾಯಿತು. ಮುಂಬಯಿಗೆ ಸುಮಾರು ಮೂವತ್ತು ಕಿಲೋಮೀಟರ್ ದಕ್ಷಿಣಕ್ಕೆ, ಕೊಲ್ಲಿಯ ಆಚೆ ದಡದಲ್ಲಿರುವ ಅಲಿಬಾಗ್ ಆಯ್ಕೆಗೊಂಡಿತು. ಟ್ರಾಮಿನ ಪ್ರವಾಹ ತಲುಪದಷ್ಟು ದೂರ. ಕೊಲಾಬಾದ ದಾಖಲೆಯ ಮುಂದುವರಿಕೆಯೆಂದು ಪರಿಗಣಿಸಬಹುದಾದಷ್ಟು ಹತ್ತಿರ. ಈ ಎರಡು ವಿರುದ್ಧ ಅಗತ್ಯಗಳ ನಡುವಣ ತೂಕವೇ ಆ ಆಯ್ಕೆಯ ಜಾಣ್ಮೆ. ಕಟ್ಟಡದ ಸಾಮಗ್ರಿಯಲ್ಲಿಯೂ ಇದೇ ಎಚ್ಚರ. ಕೊಂಕಣದ ಕರಿಗಲ್ಲು ಲಾವಾದಿಂದಾದುದು. ಅದರಲ್ಲಿ ಕಾಂತಗುಣವುಳ್ಳ ಕಬ್ಬಿಣದ ಖನಿಜ ಬೆರೆತಿರುತ್ತದೆ. ಕೈಗೆ ಸುಲಭವಾಗಿ ಸಿಗುವ ಆ ಕಲ್ಲನ್ನು ಬಿಟ್ಟು, ಕಾಂತಗುಣವಿಲ್ಲದ ಪೋರಬಂದರಿನ ಕಲ್ಲನ್ನು ಪರೀಕ್ಷಿಸಿ ತರಿಸಿ ಕಟ್ಟಿದರು. ಕಬ್ಬಿಣಕ್ಕೆ ಅಲ್ಲಿ ಪ್ರವೇಶವಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಕಾಲದ ಹೊಂದಾಣಿಕೆ. ಅಲಿಬಾಗದಲ್ಲಿ ವೀಕ್ಷಣೆ ೧೯೦೪ರಲ್ಲಿ ಆರಂಭವಾಯಿತು. ಕೊಲಾಬಾದ ಕಾಂತ ವೀಕ್ಷಣೆ ೧೯೦೬ರವರೆಗೆ ನಡೆಯಿತು. ಎರಡು ವರ್ಷ ಎರಡೂ ಕಡೆ ಏಕಕಾಲಕ್ಕೆ ಅಳೆದು, ಒಂದರ ಅಳತೆಯನ್ನು ಇನ್ನೊಂದಕ್ಕೆ ಹೊಂದಿಸುವ ಸಂಬಂಧವನ್ನು ಕಂಡುಕೊಂಡ ಮೇಲೆಯೇ ಹಳೆಯದನ್ನು ನಿಲ್ಲಿಸಿದರು. ಮುಂಬಯಿಯ ಬೀದಿಗಳಲ್ಲಿ ವಿದ್ಯುತ್ ಟ್ರಾಮ್ ಓಡಿದುದು ೧೯೦೭ರ ಮೇ ತಿಂಗಳಲ್ಲಿ. ೧೮೪೬ರಿಂದ ೧೯೦೫ರವರೆಗಿನ ಕೊಲಾಬಾದ ದತ್ತಾಂಶವನ್ನೆಲ್ಲ ಚರ್ಚೆಯೊಡನೆ ಮೂಸ್ ಅವರು ೧೯೧೦ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಯಾವ ಟ್ರಾಮಿಗಾಗಿ ಅಷ್ಟೆಲ್ಲ ಸಾಹಸ ಮಾಡಬೇಕಾಯಿತೋ ಆ ಟ್ರಾಮ್ ೧೯೬೪ರಲ್ಲಿ ಮುಂಬಯಿಯಿಂದ ಕಣ್ಮರೆಯಾಯಿತು. ಅಲಿಬಾಗದ ಅಳತೆ ಇಂದಿಗೂ ನಡೆದಿದೆ. ೧೯೨೫ರಲ್ಲಿ ಮುಂಬಯಿಯ ಉಪನಗರ ರೈಲು ೧೫೦೦ ವೋಲ್ಟಿನ ನೇರ ಪ್ರವಾಹದಿಂದ ಓಡತೊಡಗಿ, ೨೦೧೬ರ ವೇಳೆಗೆ ಪೂರ್ತಿಯಾಗಿ ಪರ್ಯಾಯ ಪ್ರವಾಹಕ್ಕೆ ಬದಲಾಗುವವರೆಗೂ ಸುಮಾರು ಒಂಬತ್ತು ದಶಕ ಆ ಬಾಧೆಯನ್ನು ನಗರದಲ್ಲಿ ಹರಡುತ್ತಿತ್ತು. ಕೊಲಾಬಾದಲ್ಲೇ ಉಳಿದಿದ್ದರೆ ಟ್ರಾಮ್ ಬಿಟ್ಟರೂ ರೈಲು ಬಿಡುತ್ತಿರಲಿಲ್ಲ.

೩

ಇದು ಮುಂಬಯಿಯೊಂದರ ಕಥೆಯಲ್ಲ. ಕೆನಡದ ಟೊರಾಂಟೊ ವೀಕ್ಷಣಾಲಯ ೧೮೯೮ರಲ್ಲಿಯೇ ಟ್ರಾಮಿನ ದೆಸೆಯಿಂದ ಅಜಿನ್‌ಕೋರ್ಟಿಗೆ ಹೋಯಿತು. ಲಂಡನ್ನಿನ ಕ್ಯೂ ವೀಕ್ಷಣಾಲಯದ ಕೆಲಸ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರಿಗೆ ಸರಿದು ಅಲ್ಲಿ ೧೯೦೮ರಲ್ಲಿ ಆರಂಭವಾಯಿತು. ಗ್ರೀನಿಚ್ಚಿನ ಕಾಂತ ವೀಕ್ಷಣೆ ರೈಲಿನ ವಿದ್ಯುದೀಕರಣದಿಂದ ಅಬಿಂಜರಿಗೂ, ೧೯೫೭ರಲ್ಲಿ ಅಲ್ಲಿಂದ ಹಾರ್ಟ್‌ಲ್ಯಾಂಡಿಗೂ ವಲಸೆ ಹೋಯಿತು.

ಜಪಾನಿನ ನಿದರ್ಶನದ ಬಗೆ ಬೇರೆ. ಟೋಕಿಯೊದ ವೀಕ್ಷಣೆ ೧೯೧೩ರಲ್ಲಿ ಕಾಕಿಯೋಕಾಕ್ಕೆ ಸ್ಥಳಾಂತರಗೊಂಡಿತು. ಮುಂದೆ ನಗರ ಅಲ್ಲಿಗೂ ಬೆಳೆದು ಬಂದಾಗ ಮತ್ತೆ ಓಡಿಹೋಗುವ ಬದಲು, ಸುತ್ತಣ ಪ್ರದೇಶದ ರೈಲಿಗೇ ನಿಯಮ ವಿಧಿಸಿದರು. ಅದರ ಫಲವಾಗಿ ೨೦೦೫ರಲ್ಲಿ ಆರಂಭವಾದ ತ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಟೋಕಿಯೊದಿಂದ ಮೊರಿಯಾವರೆಗೆ ನೇರ ಪ್ರವಾಹ, ಅಲ್ಲಿಂದ ಮುಂದಕ್ಕೆ ಪರ್ಯಾಯ ಪ್ರವಾಹ. ಎರಡೂ ಬಗೆಯಲ್ಲಿ ಓಡಬಲ್ಲ ಗಾಡಿಗಳು ದುಬಾರಿ. ಒಂದು ವೀಕ್ಷಣಾಲಯದ ಸೂಜಿಗಾಗಿ ರೈಲಿನವರು ಆ ವೆಚ್ಚವನ್ನು ಭರಿಸಿದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ.

೪

ಈಗ ಲೆಕ್ಕದ ತತ್ತ್ವಕ್ಕೆ ಬರೋಣ. ವೀಕ್ಷಣಾಲಯ ಊರು ಬಿಟ್ಟು ಹೋಗಬಹುದು. ವಿಶ್ವವಿದ್ಯಾಲಯದ ಪ್ರಯೋಗಶಾಲೆಗೆ, ಆಸ್ಪತ್ರೆಗೆ ಆ ಸ್ವಾತಂತ್ರ್ಯವಿಲ್ಲ. ನಗರದೊಳಗೇ ಇದ್ದು ನಿಭಾಯಿಸಬೇಕಾದರೆ ಮೀಟರ್ ಮೀಟರಿನ ಲೆಕ್ಕ ಬೇಕಾಗುತ್ತದೆ.

ದೂರಕ್ಕೂ ಬಾಧೆಗೂ ಇರುವ ಸಂಬಂಧ ಮೂರು ಬಗೆ. ಒಂಟಿ ತಂತಿಯ ಕ್ಷೇತ್ರವು ದೂರ ಇಮ್ಮಡಿಯಾದರೆ ಅರ್ಧವಾಗುತ್ತದೆ. ಹೋಗುವ ತಂತಿ ಮತ್ತು ಮರಳುವ ತಂತಿ ಜೊತೆಯಾಗಿದ್ದರೆ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಮಟ್ಟಿಗೆ ಕಳೆಯುವುದರಿಂದ ಉಳಿಯುವ ಶೇಷವು ದೂರ ಇಮ್ಮಡಿಯಾದಾಗ ಕಾಲುಭಾಗಕ್ಕೆ ಇಳಿಯುತ್ತದೆ. ಕಾರು, ಲಾರಿ, ಲಿಫ್ಟಿನ ತೂಕದ ಗಡ್ಡೆ ಮೊದಲಾದ ಕಬ್ಬಿಣದ ವಸ್ತುಗಳು ತಾವೇ ಪ್ರವಾಹವನ್ನು ಹೊತ್ತಿರದಿದ್ದರೂ ಭೂಮಿಯ ಕ್ಷೇತ್ರವನ್ನು ತಮ್ಮ ಸುತ್ತ ಬಾಗಿಸುತ್ತವೆ. ಅವುಗಳ ಪರಿಣಾಮ ದೂರ ಇಮ್ಮಡಿಯಾದಾಗ ಎಂಟನೆಯ ಒಂದು ಪಾಲಾಗುತ್ತದೆ. ಹತ್ತು ಮೀಟರ್ ಆಚೆ ಹಾದುಹೋಗುವ ಕಾರು ಕೆಲವು ಹತ್ತು ನ್ಯಾನೊಟೆಸ್ಲಾ ಬಾಧೆ ಕೊಡಬಹುದು; ಇಪ್ಪತ್ತು ಮೀಟರ್ ಆಚೆಗೆ ಸರಿಸಿದರೆ ಅದನ್ನು ಬಹುಪಾಲು ಮರೆಯಬಹುದು. ಹೀಗಾಗಿ ‘ಎಷ್ಟು ದೂರವಿದ್ದರೆ ಸಾಕು’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಾಧೆಯ ಮೂಲ ಯಾವ ಜಾತಿಯದೆಂದು ಮೊದಲು ತಿಳಿಯಬೇಕು.

ಇಲ್ಲಿಯೇ ಮುನ್ನೆಣಿಕೆಯ ನಿಜವಾದ ಕಷ್ಟ ಅಡಗಿದೆ. ಪ್ರವಾಹ ಎಷ್ಟೆಂಬುದನ್ನು ರೈಲಿನವರು ಹೇಳಬಲ್ಲರು, ದೂರವನ್ನು ನಕಾಶೆ ಹೇಳುತ್ತದೆ, ಸೂತ್ರವನ್ನು ಪದವಿ ತರಗತಿಯ ವಿದ್ಯಾರ್ಥಿಯೂ ಬಲ್ಲ. ಹೋದ ಪ್ರವಾಹ ಯಾವ ದಾರಿಯಿಂದ ಮರಳುತ್ತದೆ ಎಂಬುದನ್ನು ಮಾತ್ರ ಯಾರೂ ಖಚಿತವಾಗಿ ಹೇಳಲಾರರು. ಮೂರನೆಯ ಹಳಿಯಿಂದ ೭೫೦ ವೋಲ್ಟಿನ ನೇರ ಪ್ರವಾಹ ಪಡೆಯುವ ಒಂದು ಮೆಟ್ರೊ ಗಾಡಿ ೪೦೦೦ ಆಂಪೇರ್ ಸೆಳೆಯುತ್ತಿದೆ ಎನ್ನೋಣ. ಹೋಗುವ ಹಳಿಗೂ ಮರಳುವ ಹಳಿಗೂ ಒಂದೂವರೆ ಮೀಟರ್ ಅಂತರವಿದ್ದು ಪ್ರವಾಹವೆಲ್ಲ ಹಳಿಯಿಂದಲೇ ಮರಳಿದರೆ ೫೦ ಮೀಟರಿನಲ್ಲಿ ಬಾಧೆ ೦.೪೮ ಮೈಕ್ರೊಟೆಸ್ಲಾ, ೨೦೦ ಮೀಟರಿನಲ್ಲಿ ಕೇವಲ ೦.೦೩. ಅದೇ ಪ್ರವಾಹದ ಶೇಕಡಾ ಐದು ಮಾತ್ರ, ಅಂದರೆ ೨೦೦ ಆಂಪೇರ್, ಹಳಿಯಿಂದ ನೆಲಕ್ಕೆ ಸೋರಿ ಎಲ್ಲೋ ದೂರದ ದಾರಿ ಹಿಡಿಯಿತೆಂದರೆ ಆ ಸೋರಿಕೆಯಿಂದಲೇ ೫೦ ಮೀಟರಿನಲ್ಲಿ ೦.೮, ೨೦೦ ಮೀಟರಿನಲ್ಲಿ ೦.೨ ಮೈಕ್ರೊಟೆಸ್ಲಾ. ಹೆಚ್ಚಿನ ಬಿಡಿಸುಶಕ್ತಿಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ಸಾಮಾನ್ಯವಾಗಿ ಸಹಿಸುವ ಮಿತಿ ೦.೧ ಮೈಕ್ರೊಟೆಸ್ಲಾ ಅಥವಾ ಅದಕ್ಕೂ ಕಡಿಮೆ. ತೊಂಬತ್ತೈದು ಪಾಲು ಸರಿಯಾದ ದಾರಿಯಲ್ಲಿ ನಡೆದ ಪ್ರವಾಹಕ್ಕಿಂತ ದಾರಿ ತಪ್ಪಿದ ಐದು ಪಾಲೇ ಹೆಚ್ಚು ಹಾನಿ ಮಾಡುತ್ತದೆ. ಅದೂ ದೂರ ಹೋದಷ್ಟೂ ಅದರ ಮೇಲುಗೈ ಹೆಚ್ಚುತ್ತದೆ. ಕೊಲಾಬಾದ ಕಷ್ಟವೂ ಮೂಲತಃ ಇದೇ ಆಗಿತ್ತು. (ಒಂಟಿ ತಂತಿಯ ಸೂತ್ರವನ್ನು ಮೂವತ್ತು ಕಿಲೋಮೀಟರಿಗೆ ಹಾಗೆಯೇ ಅನ್ವಯಿಸುವಂತಿಲ್ಲ, ಸೋರಿದ ಪ್ರವಾಹವೂ ಕೆಲವು ಕಿಲೋಮೀಟರುಗಳಲ್ಲಿ ತನ್ನ ಮೂಲವನ್ನು ಸೇರಿಕೊಳ್ಳುವುದರಿಂದ ಅಲಿಬಾಗದಲ್ಲಿ ಉಳಿಯುವುದು ಸೂತ್ರ ಹೇಳುವುದಕ್ಕಿಂತ ಎಷ್ಟೋ ಕಡಿಮೆ.)

ವೋಲ್ಟಿನ ಆಯ್ಕೆಯೂ ಮುಖ್ಯ. ಅದೇ ಮೂರು ಮೆಗಾವಾಟ್ ಶಕ್ತಿಯನ್ನು ೨೫,೦೦೦ ವೋಲ್ಟಿನಲ್ಲಿ ಕೊಟ್ಟರೆ ಬೇಕಾಗುವುದು ೧೨೦ ಆಂಪೇರ್ ಮಾತ್ರ. ದೆಹಲಿ, ಚೆನ್ನೈ, ಹೈದರಾಬಾದ್, ಪುಣೆ, ಮುಂಬಯಿಗಳ ಮೆಟ್ರೊ ಮಾರ್ಗಗಳು ೨೫,೦೦೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ಬಳಸುತ್ತವೆ. ಬೆಂಗಳೂರಿನ ನಮ್ಮ ಮೆಟ್ರೊ ೭೫೦ ವೋಲ್ಟಿನ ನೇರ ಪ್ರವಾಹದ ಮೂರನೆಯ ಹಳಿಯನ್ನು ಆಯ್ದುಕೊಂಡಿದೆ. ಮೂರನೆಯ ಹಳಿಗೆ ತನ್ನದೇ ಅನುಕೂಲಗಳುಂಟು: ಮೇಲೆ ತಂತಿಗಳ ಜಾಲವಿಲ್ಲ, ಸುರಂಗ ಚಿಕ್ಕದಾಗುತ್ತದೆ. ಆದರೆ ಸಂಶೋಧನ ಸಂಸ್ಥೆಗಳು ದಟ್ಟವಾಗಿರುವ ಬೆಂಗಳೂರಿನಂಥ ನಗರದಲ್ಲಿ ಪ್ರಯೋಗಶಾಲೆ ಕಟ್ಟುವವರು ಈ ವ್ಯತ್ಯಾಸವನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಪರ್ಯಾಯ ಪ್ರವಾಹವೂ ನಿರಪಾಯಕಾರಿಯಲ್ಲ. ಅದರ ಮರಳುವ ಪ್ರವಾಹದಲ್ಲಿಯೂ ಗಣನೀಯ ಪಾಲು ನೆಲದೊಳಗೆ ಇಳಿಯುತ್ತದೆ; ಅದನ್ನು ತಂತಿಗೇ ಎಳೆದು ತರಲು ಪ್ರತ್ಯೇಕ ವಾಹಕ ಬೇಕು. ಅದರ ಒಂದು ಗುಣವೆಂದರೆ ಸೆಕೆಂಡಿಗೆ ಐವತ್ತು ಸಲ ಬದಲಾಗುವ ಕ್ಷೇತ್ರವನ್ನು ದಪ್ಪ ಅಲ್ಯೂಮಿನಿಯಂ ತಗಡಿನಿಂದಲೂ ತಕ್ಕಮಟ್ಟಿಗೆ ತಡೆಯಬಹುದು. ಗಾಡಿ ಹೊರಟು ನಿಲ್ಲುವಾಗ ನಿಧಾನವಾಗಿ ಏರಿಳಿಯುವ ನೇರ ಪ್ರವಾಹದ ಕ್ಷೇತ್ರಕ್ಕೆ ಅಲ್ಯೂಮಿನಿಯಂ ಗೋಡೆ ಇದ್ದೂ ಇಲ್ಲದಂತೆ.

೫

ಹೊರಗಿನ ಶತ್ರುವಿನ ಬಗೆಗೆ ಇಷ್ಟು ಹೇಳಿದ ಮೇಲೆ ಒಳಗಿನ ಶತ್ರುವನ್ನು ಕುರಿತು ಹೇಳದಿದ್ದರೆ ವಿವೇಚನೆ ಪಕ್ಷಪಾತದ್ದಾಗುತ್ತದೆ. ಪ್ರಯೋಗಶಾಲೆಗೆ ತೊಂದರೆ ಕೊಡುವ ಮೂಲಗಳು ಎಷ್ಟೋ ಸಲ ಅದೇ ಕಟ್ಟಡದ ಗೋಡೆಯೊಳಗಿರುತ್ತವೆ.

ಸರಿಯಾಗಿ ಎಳೆದ ವಿದ್ಯುತ್ ಕೇಬಲಿನಲ್ಲಿ ಹೋಗುವ ಮತ್ತು ಮರಳುವ ತಂತಿಗಳು ಒಂದೇ ಕವಚದೊಳಗೆ ಅಂಟಿಕೊಂಡಿರುತ್ತವೆ. ಎರಡು ಸೆಂಟಿಮೀಟರ್ ಅಂತರದ ಎರಡು ತಂತಿಗಳಲ್ಲಿ ೧೦೦ ಆಂಪೇರ್ ಹರಿದರೂ ಐದು ಮೀಟರ್ ಆಚೆಗೆ ಉಂಟಾಗುವುದು ೦.೦೧೬ ಮೈಕ್ರೊಟೆಸ್ಲಾ ಮಾತ್ರ. ಆದರೆ ನ್ಯೂಟ್ರಲ್ ತಂತಿಯನ್ನು ಅರ್ಥಿಂಗಿನೊಡನೆ ಸೇರಿಸಬೇಕಾದ ಒಂದು ಸ್ಥಳದಲ್ಲಿ ಮಾತ್ರವಲ್ಲದೆ, ಯಾವುದೋ ಮಹಡಿಯ ಫಲಕದಲ್ಲಿ ಅಜಾಗ್ರತೆಯಿಂದ ಎರಡನೆಯ ಸಲವೂ ಸೇರಿಸಿಬಿಟ್ಟರೆ ಮರಳುವ ಪ್ರವಾಹದ ಒಂದು ಪಾಲು ನೀರಿನ ಕೊಳವೆ, ಕಂಬದೊಳಗಿನ ಕಬ್ಬಿಣದ ಸರಳು, ತಂಪುಗಾಳಿಯ ತಗಡಿನ ನಾಳ ಇವುಗಳಲ್ಲಿ ಹರಿಯತೊಡಗುತ್ತದೆ. ಹಾಗೆ ಐದೇ ಆಂಪೇರ್ ದಾರಿ ಬಿಟ್ಟರೂ ಐದು ಮೀಟರ್ ಆಚೆಗೆ ೦.೨ ಮೈಕ್ರೊಟೆಸ್ಲಾ. ನೂರು ಆಂಪೇರಿನ ಸರಿಯಾದ ಕೇಬಲಿಗಿಂತ ಐದು ಆಂಪೇರಿನ ತಪ್ಪು ಜೋಡಣೆ ಹನ್ನೆರಡು ಪಟ್ಟು ಹೆಚ್ಚು ಬಾಧಕ. ಈ ತಪ್ಪಿನಿಂದ ದೀಪ ಆರುವುದಿಲ್ಲ, ಫ್ಯೂಸ್ ಹೋಗುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೇರವಾಗಿರಬೇಕಾದ ಅಂಚು ಗರಗಸದ ಹಲ್ಲಿನಂತೆ ಕಂಡಾಗಲಷ್ಟೇ ಅದು ಬಯಲಿಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ದುಬಾರಿಯಾದ ಕವಚಗಳ ಮಾತು ಎತ್ತುವ ಮೊದಲು ಎಲೆಕ್ಟ್ರಿಷಿಯನ್ನರ ಈ ಒಂದು ಜೋಡಣೆಯನ್ನು ಫಲಕ ಫಲಕಕ್ಕೂ ಪರೀಕ್ಷಿಸುವುದು ಮೇಲು.

ಟ್ರಾನ್ಸ್‌ಫಾರ್ಮರ್, ಮುಖ್ಯ ಫಲಕ, ಲಿಫ್ಟು, ನೆಲಮಾಳಿಗೆಯ ವಾಹನ ನಿಲ್ದಾಣ ಇವುಗಳ ವಿಚಾರದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ: ಅವು ದೂರವಿರಬೇಕು. ಆದರೆ ‘ದೂರ’ವನ್ನು ನೆಲದ ಮೇಲೆ ಮಾತ್ರವಲ್ಲದೆ ಮೇಲೆ ಕೆಳಗೆ ಕೂಡ ಅಳೆಯಬೇಕೆಂಬುದನ್ನು ನಕಾಶೆಯ ಹಾಳೆ ಮರೆಸಿಬಿಡುತ್ತದೆ. ಒಂದೊಂದು ಮಹಡಿಗೆ ಒಂದೊಂದು ಹಾಳೆ ಇರುವುದರಿಂದ ಸೂಕ್ಷ್ಮದರ್ಶಕದ ಕೋಣೆಯ ನೇರ ಕೆಳಗೇ ಟ್ರಾನ್ಸ್‌ಫಾರ್ಮರ್ ಬಂದಿರುವುದು ಹಾಳೆಗಳನ್ನು ಒಂದರ ಮೇಲೊಂದಿಟ್ಟು ನೋಡಿದ ಹೊರತು ಗೋಚರಿಸುವುದಿಲ್ಲ. ಉಪಕರಣಗಳೇ ಪರಸ್ಪರ ಬಾಧಿಸುವುದೂ ಉಂಟು. ಅನುರಣನ ಯಂತ್ರದ ಮಹಾಕಾಂತ ತನ್ನ ಸುತ್ತಲಿನ ಕ್ಷೇತ್ರವನ್ನು ಗೋಡೆಯಾಚೆಗೂ ಚಾಚುತ್ತದೆ, ೦.೫ ಮಿಲಿಟೆಸ್ಲಾ ಗೆರೆಯೊಳಗೆ ಹೃದಯದ ಪೇಸ್‌ಮೇಕರ್ ಧರಿಸಿದವರು ಕಾಲಿಡಬಾರದೆಂಬ ರೂಢಿ ಆ ಕಾರಣದಿಂದ ಬಂದುದು. ಆ ಗೆರೆ ಪಕ್ಕದ ಓಣಿಯ ಮೇಲೆ ಬೀಳದಂತೆ ಕೋಣೆಯನ್ನು ಇರಿಸುವುದೂ ಮುನ್ನೆಣಿಕೆಯ ಅಂಗವೇ.

ರೇಡಿಯೋ ಅಲೆಗಳ ಬಾಧೆ ಬೇರೆ ಅಧ್ಯಾಯ. ಫ್ಯಾರಡೆ ೧೮೩೬ರಲ್ಲಿ ತೋರಿಸಿದ ಲೋಹದ ಪಂಜರದ ತತ್ತ್ವದಿಂದ ಅದನ್ನು ತಡೆಯುವ ಮಾರ್ಗ ಸುಪರಿಚಿತ. ತಾಮ್ರದ ತಗಡು ಹೊದಿಸಿ, ಬಾಗಿಲ ಸಂದುಗಳನ್ನು ಮುಚ್ಚಿದರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ಆವರ್ತ ಕಡಿಮೆಯಾದಷ್ಟೂ ಬಾಧೆಯನ್ನು ತಡೆಯುವುದು ಕಷ್ಟ ಎಂಬುದು ಈ ಕ್ಷೇತ್ರದ ವಿಚಿತ್ರ.

೬

ಮುನ್ನೆಣಿಕೆಯನ್ನು ಹೇಗೆ ಮಾಡುತ್ತಾರೆ? ಕಟ್ಟಡವಿಲ್ಲದ ನಿವೇಶನದಲ್ಲಿ ಕಾಂತಮಾಪಕವನ್ನಿಟ್ಟು ಹಗಲಿರುಳೂ ಅಳೆಯುವುದು ಮೊದಲ ಹೆಜ್ಜೆ. ಒಂದು ಗಂಟೆಯ ಅಳತೆ ಸಾಲದು. ಬೆಳಗಿನ ದಟ್ಟಣೆ, ನಡುರಾತ್ರಿಯ ಶಾಂತಿ, ರಜೆಯ ದಿನ ಎಲ್ಲವೂ ಬೇಕು. ರಾತ್ರಿ ರೈಲು ನಿಂತಾಗ ಉಳಿಯುವ ಏರಿಳಿತವನ್ನು ಹಗಲಿನದರೊಡನೆ ಹೋಲಿಸಿದರೆ ಬಾಧೆಯಲ್ಲಿ ರೈಲಿನ ಪಾಲೆಷ್ಟೆಂಬುದು ತಾನಾಗಿ ತಿಳಿಯುತ್ತದೆ. ಇನ್ನೂ ಬಾರದ ಮೂಲಗಳಾದ ಯೋಜಿತ ಮೆಟ್ರೊ, ಕಟ್ಟಡದ್ದೇ ಫಲಕಗಳು, ಲಿಫ್ಟುಗಳು ಇವನ್ನು ಗಣಕಯಂತ್ರದಲ್ಲಿ ರೂಪಿಸಿ, ಪ್ರತಿ ಕೋಣೆಯಲ್ಲೂ ಅವು ಕೊಡುವ ಕ್ಷೇತ್ರವನ್ನು ಲೆಕ್ಕ ಹಾಕಿ, ಅಳೆದದ್ದರೊಡನೆ ಕೂಡಿಸುತ್ತಾರೆ. ಬರುವ ಮೊತ್ತವನ್ನು ಉಪಕರಣ ತಯಾರಕರು ಕೊಟ್ಟ ಮಿತಿಯೊಡನೆ ಹೋಲಿಸಿ, ಕೋಣೆಗಳನ್ನು ಅದಲು ಬದಲು ಮಾಡುತ್ತಾರೆ. ಈ ಹಂತದಲ್ಲಿ ಅದಲು ಬದಲಿಗೆ ತಗಲುವ ಖರ್ಚು ಒಂದು ರಬ್ಬರು, ಒಂದು ಪೆನ್ಸಿಲು.

ಮಿತಿ ಎಂಬುದರಲ್ಲಿಯೂ ಎಚ್ಚರ ಬೇಕು. ಐವತ್ತು ಆವರ್ತದ ಬಾಧೆಗೆ ಒಂದು ಮಿತಿ, ನಿಧಾನ ಬದಲಾವಣೆಗೆ ಇನ್ನೊಂದು ಮಿತಿ ಇರಬಹುದು. ಲಂಬ ದಿಕ್ಕಿಗೆ ಒಂದು, ಸಮತಲಕ್ಕೆ ಇನ್ನೊಂದು ಇರಬಹುದು. ಜೊತೆಗೆ ಕಟ್ಟಡ ಬಾಳುವುದು ಐವತ್ತು ವರ್ಷ, ಉಪಕರಣ ಹತ್ತು ಹದಿನೈದು ವರ್ಷ. ಮುಂದೆ ಬರುವ ಉಪಕರಣ ಇಂದಿನದಕ್ಕಿಂತ ಸೂಕ್ಷ್ಮವಾಗಿಯೇ ಇರುತ್ತದೆ. ಸೋರಿಕೆಯ ಪಾಲನ್ನು ನಿಖರವಾಗಿ ಅರಿಯಲಾಗದೆಂದು ಹಿಂದೆ ಹೇಳಿದೆವಷ್ಟೆ. ಆದಕಾರಣ ಅನುಭವಿಗಳು ಒಂದೇ ಅಂಕಿಯನ್ನು ಕೊಡುವುದಿಲ್ಲ. ಹಳಿ ಹೊಸದಾಗಿ ಒಣಗಿರುವಾಗ ಇಷ್ಟು, ಹಳತಾಗಿ ಮಳೆಗಾಲದಲ್ಲಿ ತೊಯ್ದಿರುವಾಗ ಇಷ್ಟು ಎಂದು ಎರಡು ಅಂಚುಗಳನ್ನು ಕೊಡುತ್ತಾರೆ. ಒಂದೇ ಅಂಕಿಯನ್ನು ದಶಾಂಶದ ಮೂರು ಸ್ಥಾನಗಳವರೆಗೆ ಕೊಡುವ ವರದಿಯನ್ನು ನಾನಾದರೆ ಸಂಶಯದಿಂದಲೇ ಓದುವೆನು.

ಮಿತಿ ಮೀರುವುದೆಂದು ಕಂಡರೆ ದೂರ ಸರಿಯುವುದೇ ಉತ್ತಮ ಪರಿಹಾರ. ಅದು ಆಗದಿದ್ದರೆ ಮ್ಯೂಮೆಟಲ್ ಎಂಬ ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ಕವಚ. ಅದು ದುಬಾರಿ, ಪೆಟ್ಟು ಬಿದ್ದರೆ ಗುಣ ಕಳೆದುಕೊಳ್ಳುವಷ್ಟು ನಾಜೂಕು. ಅದೂ ಆಗದಿದ್ದರೆ ಕೋಣೆಯ ಸುತ್ತ ತಂತಿಯ ಸುರುಳಿಗಳನ್ನಿಟ್ಟು, ಬಾಧೆಯನ್ನು ಅಳೆದು ಅದಕ್ಕೆ ವಿರುದ್ಧವಾದ ಕ್ಷೇತ್ರವನ್ನು ಆ ಕ್ಷಣವೇ ಹುಟ್ಟಿಸುವ ಏರ್ಪಾಡು. ಇದು ಒಂದು ಬಿಂದುವಿನಲ್ಲಿ ಚೆನ್ನಾಗಿ ಫಲಿಸುತ್ತದೆ. ಕೋಣೆಯ ಇನ್ನೊಂದು ಮೂಲೆಯಲ್ಲಿ ಅಷ್ಟಾಗಿ ಫಲಿಸುವುದಿಲ್ಲ.

ಮೂಲದಲ್ಲಿಯೇ ತಡೆಯುವುದು ಇನ್ನೊಂದು ದಾರಿ. ಅದಕ್ಕೆ ಎಂಜಿನಿಯರಿಂಗಿನಷ್ಟೇ ಒಪ್ಪಂದವೂ ಬೇಕಾಗುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆವರಣದ ನಡುವೆ ಹಗುರ ರೈಲು ಹಾಯುವ ಯೋಜನೆ ಬಂದಾಗ ಪ್ರಯೋಗಶಾಲೆಗಳ ಕಂಪನ ಮತ್ತು ಕಾಂತಬಾಧೆಯ ಪ್ರಶ್ನೆಯಿಂದ ವಿಶ್ವವಿದ್ಯಾಲಯವು ೨೦೦೯ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ೨೦೧೦ರಲ್ಲಿ ರಾಜಿಯಾಯಿತು, ೨೦೧೪ರಲ್ಲಿ ರೈಲು ಓಡಿತು. ಸಿಯಾಟಲಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ರೈಲು ಸಂಸ್ಥೆಯೊಡನೆ ಮುಂಚಿತವಾಗಿಯೇ ಕರಾರು ಮಾಡಿಕೊಂಡು ಪ್ರಯೋಗಶಾಲೆಗಳ ಕಟ್ಟಡಗಳಿಗೆ ಮೀರಬಾರದ ಮಿತಿಗಳನ್ನು ಬರೆಸಿಕೊಂಡರು. ಮೊದಲನೆಯದು ಜಗಳದಿಂದ ಬಂದ ಮುನ್ನೆಣಿಕೆ, ಎರಡನೆಯದು ಮುನ್ನೆಣಿಕೆಯಿಂದ ತಪ್ಪಿದ ಜಗಳ.

ಕಟ್ಟಡ ಎದ್ದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಅನೇಕರು ಬಿಟ್ಟುಬಿಡುತ್ತಾರೆ. ವಿದ್ಯುತ್ ಸಂಪರ್ಕ ದೊರೆತು, ಲಿಫ್ಟು ಓಡುತ್ತಿದ್ದು, ಉಪಕರಣ ಇನ್ನೂ ಬಂದಿರದ ಕೆಲವು ವಾರಗಳ ಅವಧಿಯಲ್ಲಿ ಕೋಣೆ ಕೋಣೆಯಲ್ಲೂ ಮತ್ತೆ ಅಳೆದು, ಹಿಂದೆ ಲೆಕ್ಕ ಹಾಕಿದ ಅಂಕಿಯ ಪಕ್ಕದಲ್ಲಿ ಅಳೆದ ಅಂಕಿಯನ್ನು ಬರೆದಿಡಬೇಕು. ಎರಡೂ ಹೊಂದದ ಕೋಣೆಯಲ್ಲಿ ಎಲ್ಲೋ ಒಂದು ಪ್ರವಾಹ ದಾರಿ ತಪ್ಪಿದೆ ಎಂದರ್ಥ. ಗೋಡೆಗೆ ಬಣ್ಣ ಬಳಿಯುವ ಮುನ್ನ, ಛಾವಣಿಯ ಹಲಗೆಗಳನ್ನು ಮುಚ್ಚುವ ಮುನ್ನ ಅದನ್ನು ಹುಡುಕುವುದು ಒಂದು ದಿನದ ಕೆಲಸ; ಸೂಕ್ಷ್ಮದರ್ಶಕವನ್ನು ನೆಲಕ್ಕೆ ಬಿಗಿದ ಮೇಲೆ ಅದೇ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ.